ಹೆಣ್ಣು ಕೊಟ್ಟವರ ಚದುರಂಗ

ಹಾಲು ಉಕ್ಕುವುದಕ್ಕೆ ಒಂದು ಗಳಿಗೆ ಮುಂಚೆ ಗ್ಯಾಸ್ ಆರಿಸಿದರೆ ಆ ದಿನ ನನ್ನದು ಅಂತ ನನ್ನ ನಂಬಿಕೆ. ಮೊನ್ನೆ ಸರಿಯಾಗಿ ಆರಿಸಿದ್ದೆ. ಆದರೂ ದಿನ ಕೈ ತಪ್ಪಿ ಎತ್ತೆತ್ತಲೋ ಹೋಯಿತು. ಅದೇ ಈ ವಾರದ ಕತೆ.

ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿದೆ. ರಂಗೋಲಿಗೆ ಚುಕ್ಕಿ ಇಟ್ಟೆ. ನಮ್ಮ ಮಡಕಶಿರದ ಬೀದಿಗೆ ಸೂರ್ಯ ಸ್ವಲ್ಪ ತಡವಾಗಿ ಬರುತ್ತಾನೆ (ಬೆಟ್ಟ ಹತ್ತಿ ಇಳಿಯಬೇಕಲ್ಲ, ಪಾಪ). ಬಂದವನು ಮಾತ್ರ ನೆಟ್ಟಗೆ ನಮ್ಮ ಅಡುಗೆಮನೆಯ ಕಿಟಕಿಗೇ ಬರುತ್ತಾನೆ. ಕಿಟಕಿಗೆ ಅಡ್ಡ ಉದ್ದ ಸರಳುಗಳು. ಎದುರು ಗೋಡೆಯ ಮೇಲೆ ಬಿಸಿಲಿನ ಪುಟ್ಟ ಪುಟ್ಟ ಚೌಕಗಳು ಮೂಡುತ್ತವೆ. ಆಮೇಲೆ ಬೇಳೆ ಡಬ್ಬಗಳ ಮೇಲೆ ಇಳಿಯುತ್ತವೆ. ಆಮೇಲೆ ನೆಲಕ್ಕೆ. ಕೊನೆಗೆ ಕಿಟಕಿಯ ಬುಡಕ್ಕೆ ಸರಿದು ಮಾಯ. ಕಣ್ಣಿಗೆ ಕಾಣದವರು ಯಾರೋ ಚದುರಂಗದ ಹಾಸನ್ನು ಮೆಲ್ಲಗೆ ಎಳೆದುಕೊಂಡು ಹೋದ ಹಾಗೆ. ಸೌಟು ಹಿಡಿದು ಅದನ್ನೇ ನೋಡುತ್ತ ನಿಂತರೆ ಒಗ್ಗರಣೆ ಸೀಯುತ್ತದೆ. ಎಷ್ಟು ಸಲ ಸೀದಿದೆ ಅಂತ ದಯವಿಟ್ಟು ನಮ್ಮ ಮನೆಯವರನ್ನು ಕೇಳಬೇಡಿ.

ಮೊನ್ನೆ ನನ್ನ ತಲೆಯಲ್ಲಿ ಚದುರಂಗವೇ ಇತ್ತು. ಹಿಂದಿನ ಸಂಜೆ ರಾಯದುರ್ಗದಿಂದ ನಮ್ಮಪ್ಪ ಬಂದಿದ್ದರು.

ಅಪ್ಪ ಬಂದರೆ ಬೆಳಗಿನ ತಿಂಡಿಯಾದ ಮೇಲೆ ಜಗಲಿಯ ಮೇಲೆ ನಮ್ಮ ಮಾವನವರ ಜೊತೆ ಒಂದು ಆಟ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಡೆದು ಬಂದದ್ದು. ಮಾವ ಗೆಲ್ಲುತ್ತಾರೆ. ಅಪ್ಪ ಸೋಲುತ್ತಾರೆ. ನಾನು ಕಾಫಿ ತರುತ್ತೇನೆ. ಇದೂ ಅಂದಿನಿಂದ ನಡೆದು ಬಂದದ್ದೇ.

ರಂಗೋಲಿಯ ಎಳೆ ಎಳೆಯುತ್ತಿದ್ದೆ. ಎದುರುಮನೆಯ ಗಂಗಕ್ಕ ತಮ್ಮ ಬಾಗಿಲಿಗೆ ಪೊರಕೆ ಆಡಿಸುತ್ತಲೇ ಕೂಗಿದರು.

"ಏನಮ್ಮ, ನಿಮ್ಮಪ್ಪಾರು ಬಂದವ್ರಂತೆ. ಇವತ್ತೂ ಸೋಲಾದೇನಾ? ಒಂದ್ ಕಿತ ಆದ್ರೂ ಗೆಲ್ಲಾಕೆ ಹೇಳಮ್ಮ. ನೋಡಿ ನೋಡಿ ನಮಗೇ ಬೇಜಾರಾಗೈತೆ."

ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆದರೆ ಒಂದು ಎಳೆ ಚುಕ್ಕಿ ತಪ್ಪಿತು.

ಗಂಗಕ್ಕನಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಹೇಳುತ್ತೇನೆ. ರಾಯದುರ್ಗದಲ್ಲಿ ಅಪ್ಪನಿಗೆ ಒಂದು ಬಟ್ಟೆ ಅಂಗಡಿ. ಮಧ್ಯಾಹ್ನ ಗಿರಾಕಿ ಕಮ್ಮಿಯಾದಾಗ ಗಲ್ಲಾದ ಪಕ್ಕದಲ್ಲಿ ಹಾಸು ಬಿಚ್ಚಿಕೊಳ್ಳುತ್ತದೆ. ಬೆಳುಗುಪ್ಪದಿಂದ ಪಂಚೆ ಕೊಳ್ಳಲು ಬಂದವರು ಪಂಚೆ ಮರೆತು, ಆಟಕ್ಕೆ ಕೂತು, ಸೋತು, ಬಸ್ಸನ್ನೂ ತಪ್ಪಿಸಿಕೊಂಡು ಹೋಗಿದ್ದಾರೆ. ಅಲ್ಲಿ ಅಪ್ಪನನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಅಂಥವರು ಸೋಲುವುದು ನಮ್ಮ ಜಗಲಿಯ ಮೇಲೆ ಮಾತ್ರ.

ಯಾಕೆ? ನನ್ನನ್ನು ಈ ಮನೆಗೆ ಕೊಟ್ಟಿದ್ದಾರಲ್ಲ, ಅದಕ್ಕೆ.

ಹೆಣ್ಣು ಕೊಟ್ಟವರು ಬೀಗರ ಮುಂದೆ ಒಂದು ಮೆಟ್ಟಿಲು ಕೆಳಗೇ ಇರಬೇಕು ಅನ್ನುವುದು ಅಪ್ಪನ ಕಾಲದವರ ಲೆಕ್ಕ. ಅವರು ನಿಂತರೆ ತಾವೂ ನಿಲ್ಲಬೇಕು. ಅವರು ಉಣ್ಣದೆ ತಾವು ಉಣ್ಣಬಾರದು. ಅವರ ಮಾತಿಗೆಲ್ಲ "ಹೌದ್ರಿ" ಅನ್ನಬೇಕು. ಮಾವ ಇದನ್ನೆಲ್ಲ ಒಂದು ದಿನವೂ ಕೇಳಿದವರಲ್ಲ. ಆದರೂ ಅಪ್ಪ ಇದನ್ನು ಚದುರಂಗದ ಹಾಸಿನ ಮೇಲೂ ಪಾಲಿಸಿಕೊಂಡು ಬಂದರು. ಮದುವೆಯ ಹೊಸತರಲ್ಲಿ ಒಮ್ಮೆ ಕೇಳಿದ್ದೆ.

"ಅಪ್ಪಾ, ಯಾಕ ಬೇಕಂತ ಸೋಲ್ತಿ?"

"ಮಗಳ್ನ ಕೊಟ್ಟ ಮನ್ಯಾಗ ಶಹ ಅಂತ ಬಾಯಿ ತೆರೀಲಿಕ್ಕೆ ಆಗ್ತದೇನವಾ? ನಾಲಿಗಿ ಹೊಳ್ಳೂದಿಲ್ಲ."

ಶಹ. ಎಷ್ಟು ಪುಟ್ಟ ಪದ. ರಾಜನಿಗೆ ಏಟು ಬರುವಾಗ ಅಪ್ಪನ ಅಂಗಡಿಯಲ್ಲಿ ಕೂಗುವ ಪದ. ಕಾನ್ವೆಂಟ್‌ನಲ್ಲಿ ಸಿಸ್ಟರ್ ಅದಕ್ಕೇ "ಚೆಕ್" ಅನ್ನುತ್ತಿದ್ದರು. ಎರಡೂ ಒಂದೇ ಪದ ಅಂದರೆ ನಂಬುತ್ತೀರಾ? ಪಾರಸಿಯಲ್ಲಿ ಶಹ ಅಂದರೆ ರಾಜ. ಆ ಪದ ಅರಬರ ಬಾಯಿಗೆ ಹೋಯಿತು, ಅಲ್ಲಿಂದ ಯೂರೋಪಿಗೆ, ಫ್ರೆಂಚರ ನಾಲಿಗೆಯಲ್ಲಿ ಉರುಟಾಗಿ, ಇಂಗ್ಲಿಷಿಗೆ ಬರುವ ಹೊತ್ತಿಗೆ ಚೆಕ್ ಆಗಿತ್ತು. ಚೆಸ್ ಅನ್ನುವ ಹೆಸರೂ ಅದರಿಂದಲೇ ಹುಟ್ಟಿದ್ದು. ಮೊದಲು "ರಾಜಾ, ಎಚ್ಚರ" ಅನ್ನುವ ಕೂಗು. ಆಮೇಲೆ ತಡೆ ಅನ್ನುವ ಅರ್ಥ ಬಂತು. ಆಮೇಲೆ ತಪಾಸಣೆ. ಹಾಸಿನ ಚೌಕಗಳಿಂದ ಚೆಕ್ಸ್ ಶರ್ಟು. ಬ್ಯಾಂಕಿನ ಚೆಕ್ಕು ಕೂಡ ಸುತ್ತಿ ಬಳಸಿ ಇದೇ ಮನೆತನದ್ದು.

ಈಗ ಅಪ್ಪನ ಪ್ರಯಾಣ ನೋಡಿ. ರಾಯದುರ್ಗದಿಂದ ಇಲ್ಲಿಗೆ ಬರಬೇಕಾದರೆ ಆಂಧ್ರದಲ್ಲಿ ಹೊರಟು, ಪಾವಗಡದ ಬಳಿ ಕರ್ನಾಟಕ ಹೊಕ್ಕು, ಮತ್ತೆ ಆಂಧ್ರಕ್ಕೇ ಬಂದು ಇಳಿಯಬೇಕು (ನಮ್ಮ ಕಡೆಯ ಗಡಿ ಬರೆದವರು ಕುದುರೆಯ ನಡೆ ಬಲ್ಲವರಿರಬೇಕು). ಬೀಗರಿಗೆಂದು ತಂದ ಚೆಕ್ಸ್ ಲುಂಗಿಗಳ ಗಂಟು ಅಪ್ಪನ ಕಾಲ ಬಳಿ. ಕಂಡಕ್ಟರ್ ಬಂದು ಟಿಕೆಟ್ ಚೆಕ್ ಮಾಡುತ್ತಾನೆ. ಬಸ್ಸು ಚೆಕ್ ಪೋಸ್ಟ್ ಹತ್ತಿರ ನಿಲ್ಲುತ್ತದೆ. ಒಂದೇ ಕೆಂಪು ಬಸ್ಸಿನಲ್ಲಿ ಎಷ್ಟು ಜನ ಪಾರಸಿ ರಾಜರು! ಒಬ್ಬರಿಗೂ ಸೀಟಿಲ್ಲ.

ಹೀಗೆ ಪದಗಳ ಹಿಂದೆ ಹೋಗುವುದು ನನ್ನ ಹಳೆಯ ಚಟ. ಮನೆಯಲ್ಲಿ ಆಟ ಕಲಿತು ಕಾನ್ವೆಂಟಿಗೆ ಹೋದವಳು ನಾನು. ಸಿಸ್ಟರ್ ಒಂದು ಕಾಯಿ ಎತ್ತಿ ಹಿಡಿದು ಇದೇನು ಅಂದರು. "ಕ್ಯಾಮೆಲ್" ಅಂದೆ, ಹೆಮ್ಮೆಯಿಂದ. ನಮ್ಮಲ್ಲಿ ಅದು ಒಂಟೆ ತಾನೇ? ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು "ಬಿಷಪ್, ಚೈಲ್ಡ್" ಅಂದರು. ಆ ವರ್ಷ ನಿಜವಾದ ಬಿಷಪ್ ಒಬ್ಬರು ಶಾಲೆಗೆ ಬಂದಾಗ ನಾನು ಹೂಗುಚ್ಛ ಹಿಡಿದು ಅವರ ಕಾಲನ್ನೇ ನೋಡುತ್ತಿದ್ದೆ, ಮೂಲೆಯಿಂದ ಮೂಲೆಗೆ ನಡೆಯುತ್ತಾರೋ ಅಂತ. ನೆಟ್ಟಗೇ ನಡೆದು ಬಂದರು. ಸ್ವಲ್ಪ ನಿರಾಸೆಯಾಯಿತು.

ಮಂತ್ರಿಯ ಕತೆ ಇನ್ನೂ ಚೆಂದ. ಮನೆಯಲ್ಲಿ ಮಂತ್ರಿಯಾಗಿದ್ದವನು ಕಾನ್ವೆಂಟ್‌ನಲ್ಲಿ ಕ್ವೀನ್. ಸಮುದ್ರ ದಾಟುವಾಗ ಎಲ್ಲೋ ಮೀಸೆ ತೆಗೆದು ಕಿರೀಟ ಇಟ್ಟುಕೊಂಡಿದ್ದಾನೆ. ನಾನೇನು ಕಮ್ಮಿಯೇ? ರಾಯದುರ್ಗದಲ್ಲಿ ಶೇಂಗಾ ತಿಂದು ಬೆಳೆದವಳು ಮಡಕಶಿರಕ್ಕೆ ಬಂದು ಕಡ್ಲೇಕಾಯಿ ತಿನ್ನುವವಳಾದೆ. ಊರು ಬದಲಾದರೆ ಹೆಸರು ಬದಲಾಗುತ್ತದೆ. ರುಚಿ?

ಇನ್ನು ಪ್ಯಾದೆ. ಪಾರಸಿಯಲ್ಲಿ ಕಾಲಾಳು. ನಮ್ಮ ಪದಾತಿಗೆ ದಾಯಾದಿ. ಪಾದವೇ ಎರಡಕ್ಕೂ ಮೂಲ. ಇಂಗ್ಲಿಷಿನ ಪಾನ್, ಮಂಡಲ ಆಫೀಸಿನ ಪ್ಯೂನ್, ಇಬ್ಬರೂ ಇದೇ ಕಾಲಿನವರು. ಕನ್ನಡದಲ್ಲಿ ಮಾತ್ರ ಪ್ಯಾದೆ ಅಂದರೆ ಏನೂ ತಿಳಿಯದ ಪೆದ್ದ ಅಂತಲೂ ಆಗಿಬಿಟ್ಟಿತು. ಒಂದೊಂದೇ ಹೆಜ್ಜೆ ಇಡುವವನು, ಹಿಂದೆ ಬರಲು ಬಾರದವನು ಪೆದ್ದನೇ? ಜಗಲಿಯ ಮೇಲೆ ವರ್ಷ ವರ್ಷವೂ ಸೋಲುತ್ತ ಕೂತ ಅಪ್ಪನನ್ನು ಬೀದಿಯವರು ಹಾಗೇ ಅಂದುಕೊಂಡಿದ್ದರು. ನನಗದು ಮುಳ್ಳು. ಒಂದೇ ಒಂದು ಸಲ ಅಪ್ಪ ಈ ಜಗಲಿಯ ಮೇಲೆ ಗೆದ್ದು ಏಳುವುದನ್ನು ನೋಡಬೇಕು ಅಂತ ಆಸೆ.

ಮೊನ್ನೆ ಮನೆಯಲ್ಲಿ ನಾವು ಮೂವರೇ. ಅತ್ತೆ ಗುಡಿಬಂಡೆಯ ತಂಗಿ ಮನೆಗೆ ಹೋಗಿದ್ದರು. ನಮ್ಮ ಮನೆಯವರು ರೇಷ್ಮೆಗೂಡು ತೆಗೆದುಕೊಂಡು ಹಿಂದೂಪುರಕ್ಕೆ. ನಾನು ಹೊಸಿಲ ಬಳಿ ಕಡ್ಲೇಕಾಯಿ ಸುಲಿಯುತ್ತ ಕೂತೆ. ಮಾವ ಹಾಸು ಹರಡಿದರು. ಆ ಹಾಸೂ ಅಪ್ಪನದೇ. ಅಂಗಡಿಯ ತುಂಡು ಬಟ್ಟೆಗಳಲ್ಲಿ ಹೊಲಿಸಿ ನನ್ನ ಮದುವೆಯಲ್ಲಿ ಬೀಗರಿಗೆ ಕೊಟ್ಟಿದ್ದು. ಕೆಂಪು ಬಿಳಿ ಚೌಕಗಳು. ನಾನು ತೊಳೆದೂ ತೊಳೆದೂ ಕೆಂಪೂ ಗುಲಾಬಿಯಾಗಿದೆ, ಬಿಳಿಯೂ ಗುಲಾಬಿಯಾಗಿದೆ. ಯಾವ ಮನೆ ಯಾರ ಬಣ್ಣ ಅಂತ ಹೊಸಬರಿಗೆ ತಿಳಿಯುವುದಿಲ್ಲ (ಚದುರಂಗದ ಚೌಕಕ್ಕೆ ನಾವು ಮನೆ ಅನ್ನುತ್ತೇವೆ. ನನ್ನಂಥ ಗೃಹಿಣಿಗೆ ಇದಕ್ಕಿಂತ ಇಷ್ಟವಾದ ಪದ ಆ ಆಟದಲ್ಲಿಲ್ಲ).

"ನಡೆಸ್ರಿ ಬೀಗರ, ನೀವಾ ಮೊದಲು."

"ಏಯ್, ನೀವು ನಡೆಸ್ರಪ್ಪ. ಬಂದ ನೆಂಟರು ನೀವು."

"ದೊಡ್ಡೋರು ನೀವು."

"ಯಾವ ದೊಡ್ಡೋರು? ಇಬ್ರಿಗೂ ಒಂದೇ ಸಲ ಕಣ್ಣಿನ ಆಪರೇಷನ್ ಆಗಿರಾದು!"

ಇದು ಪ್ರತಿ ಸಲದ ಮಂಗಳಾಚರಣೆ. ಕೊನೆಗೆ ಮಾವನೇ ನಡೆಸುತ್ತಾರೆ. ಮಾವ ಮಾತು ಕಮ್ಮಿಯ ಮನುಷ್ಯ. ಹಿಪ್ಪುನೇರಳೆ ತೋಟದಲ್ಲಿ ದಿನವಿಡೀ ಎಲೆಗಳ ಜೊತೆ ಇದ್ದು ಅಭ್ಯಾಸ. ಸಂತೋಷ ಮಿತಿ ಮೀರಿದರೆ ತೆಲುಗಿಗೆ ಇಳಿಯುತ್ತಾರೆ. ಸಿಟ್ಟು ಮಿತಿ ಮೀರಿದರೂ ತೆಲುಗೇ. ಯಾವುದು ಯಾವಾಗ ಅಂತ ಮುಖ ನೋಡಿ ಹೇಳಲು ಅತ್ತೆಗೂ ಆಗುವುದಿಲ್ಲ.

ಆಟ ಅರ್ಧ ನಡೆದಿರಬೇಕು. ಮಾವ ತಮ್ಮ ಮಂತ್ರಿಯನ್ನು ಎತ್ತಿ ಅಪ್ಪನ ಕುದುರೆಯ ಬಾಯಿಗೇ ಇಟ್ಟರು. ನನ್ನ ಕೈಯ ಕಡ್ಲೇಕಾಯಿ ಅಲ್ಲೇ ನಿಂತಿತು. ಅಪ್ಪನ ಕೈ ಕುದುರೆಯ ಕಡೆ ಹೊರಟಿತು. ಗಾಳಿಯಲ್ಲೇ ಒಂದು ಕ್ಷಣ ತಂಗಿತು. ಕನ್ನಡಕ ಸರಿ ಮಾಡಿಕೊಂಡು, ಎಲ್ಲೋ ಮೂಲೆಯ ಒಂದು ಪ್ಯಾದೆಯನ್ನು ಒಂದು ಮನೆ ಮುಂದೆ ಸರಿಸಿತು.

ಮಾವ ಅಪ್ಪನ ಮುಖ ನೋಡಿದರು. ಹಾಸು ನೋಡಿದರು. ಮಂತ್ರಿಯ ತಂಟೆಗೆ ಹೋಗದೆ ಬೇರೆ ಏನೋ ನಡೆಸಿದರು. ಮಂತ್ರಿ ಇನ್ನೂ ಅಲ್ಲೇ. ಅಪ್ಪನ ಬೆರಳು ಮತ್ತೆ ಅದೇ ಪ್ಯಾದೆಯ ಕಡೆ ಹೊರಟಿತು.

"ಅಪ್ಪಾ, ಕುದುರಿ."

ಬಾಯಿಂದ ಬಂದೇ ಬಿಟ್ಟಿತು. ಬೀದಿಯ ಕೋಳಿ ಕೂಡ ಕತ್ತೆತ್ತಿ ನೋಡಿದ ಹಾಗೆ ಅನ್ನಿಸಿತು.

"ನೀ ಸುಮ್ಕಿರವಾ," ಅಪ್ಪ ತಲೆ ಎತ್ತದೆ ಅಂದರು.

"ಯಾಕೆ ಸುಮ್ಕಿರ್ಬೇಕು? ಮಗು ಹೇಳೈತಲ್ಲ," ಅಂದರು ಮಾವ. "ಹೊಡೀರಿ."

ಅಪ್ಪ ಮಂತ್ರಿಯನ್ನು ಎತ್ತಿದ್ದು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವವರ ಹಾಗೆ. ಆದರೆ ಆಮೇಲೆ ಒಂದು ವಿಚಿತ್ರ ನಡೆಯಿತು. ನಿಧಾನವಾಗಿ ಅಪ್ಪನ ಬೆನ್ನು ನೆಟ್ಟಗಾಯಿತು. ಕೈ ತಡವರಿಸುವುದು ಬಿಟ್ಟಿತು. ಬಿಸಿಲಿನಲ್ಲಿ ಗುಲಾಬಿ ಹಾಸು ಹೊಳೆಯುತ್ತಿತ್ತು. ನನಗೆ ಜಗಲಿ ಮರೆಯಾಗಿ ರಾಯದುರ್ಗದ ಅಂಗಡಿ ಕಂಡಿತು. ಹೊಸ ಬಟ್ಟೆಯ ಗಂಜಿ ವಾಸನೆ, ಮೇಲೆ ಕೋಟೆಯ ಬೆಟ್ಟ, ಶಾಲೆ ಬಿಟ್ಟು ಬಂದು ಗಲ್ಲಾಕ್ಕೆ ಒರಗಿ ನಿಂತ ನಾನು, ಸೋಲುವುದೇ ಗೊತ್ತಿಲ್ಲದ ಅಪ್ಪ. ಎಷ್ಟು ವರ್ಷವಾಗಿತ್ತು ಆ ಅಪ್ಪನನ್ನು ನೋಡಿ!

ಮಾವನ ರಾಜ ಮೂಲೆ ಸೇರಿದ. ಶಹ ಇಲ್ಲ. ಆದರೆ ಅಲ್ಲಾಡಲು ಒಂದು ಮನೆಯೂ ಇಲ್ಲ. ಅವರ ಬೇರೆ ಕಾಯಿಗಳಿಗೂ ದಾರಿಯಿಲ್ಲ. ಮೊಬೈಲಿನಲ್ಲಿ ಆಡುವವರಾದರೆ ಡ್ರಾ ಅಂದು ಮುಗಿಸುತ್ತಾರೆ. ಅಪ್ಪನಿಗೂ ಅದೇ ಬೇಕಾಗಿತ್ತು.

"ಸಮ ಆತ್ರಿ ಬೀಗರ. ಏಳ್ರಿ, ಕಾಫಿ ಕುಡಿಯೋಣು."

ಮಾವ ಏಳಲಿಲ್ಲ. "ನಿಮ್ಮೂರಾಗೆ ಇದಕ್ಕೇನು ರೂಲ್ಸು?"

ಅಪ್ಪ ಹಾಸಿನ ಅಂಚು ಸರಿ ಮಾಡಿದರು. ನನಗೆ ಗೊತ್ತಿತ್ತು. ಅಪ್ಪನ ಅಂಗಡಿಯಲ್ಲಿ ಎದುರಿನ ರಾಜನಿಗೆ ಮನೆಯೇ ಇಲ್ಲದ ಹಾಗೆ ಮಾಡುವುದು ತಪ್ಪು. ಮಾಡಿದವನು ತನ್ನ ನಡೆ ವಾಪಸ್ ತೆಗೆದುಕೊಂಡು, ಅವನಿಗೆ ನಿಲ್ಲಲು ಒಂದು ಮನೆ ಬಿಟ್ಟು, ಆಮೇಲೆ ಗೆಲ್ಲಬೇಕು. ಸೋಲುವವನಿಗೂ ಕಾಲೂರಲು ಜಾಗ ಬೇಡವೇ?

"ಮನಿ ಕೊಡ್ತೀವ್ರಿ," ಅಪ್ಪ ಮೆಲ್ಲಗೆ ಅಂದರು.

"ಹಂಗಾದ್ರೆ ಕೊಡ್ರಿ. ಆಡಾನ."

ಅಪ್ಪ ಮನೆ ಕೊಟ್ಟರು. ಮಾವನ ರಾಜ ಒಂದು ಹೆಜ್ಜೆ ಹೊರಗೆ ಬಂದ. ಅಪ್ಪ ಒಂದು ಪ್ಯಾದೆಯನ್ನು ಒಂದು ಮನೆ ಮುಂದಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಕುದುರೆಯ ಬದಲು ಸರಿಸಿದ್ದರಲ್ಲ, ಅದೇ ಮೂಲೆಯ ಪ್ಯಾದೆ. ರಾಜನಿಗೆ ಇನ್ನು ಎಲ್ಲೂ ದಾರಿಯಿಲ್ಲ. ಆದರೆ ಅಪ್ಪನ ಬಾಯಿಂದ ಪದ ಹೊರಡಲಿಲ್ಲ.

ಮಾವನೇ ಹೇಳಿದರು. "ಶಹ. ಪ್ಯಾದೆಯಾಗೆ ಮಾತ್."

ಮಂತ್ರಿಯಿಂದ ಯಾರು ಬೇಕಾದರೂ ಗೆದ್ದಾರು. ಪ್ಯಾದೆಯಿಂದ ಗೆದ್ದರೆ ಅದು ದೊಡ್ಡ ಗೆಲುವು, ಅಲ್ಲೂ, ಇಲ್ಲೂ. ಮಾವ ಸ್ವಲ್ಪ ಹೊತ್ತು ಹಾಸನ್ನೇ ನೋಡಿದರು. "ಅಯಿಪೋಯಿಂದಿ," ಅಂದರು. ಮುಗಿಯಿತು ಅಂತ, ತೆಲುಗಿನಲ್ಲಿ. ಟವೆಲ್ ಹೆಗಲಿಗೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿದರು. ಕಾಫಿ ಕೂಡ ಕುಡಿಯದೆ ಬೀದಿಗೆ ಇಳಿದು ಹೋದರು. ಫೋನು ಗೋಡೆಯ ಗೂಡಿನಲ್ಲೇ ಉಳಿಯಿತು.

ಟಿವಿಯವರಿಗೆ ದಿನಕ್ಕೊಬ್ಬ ನಾಯಕ ಇನ್ನೊಬ್ಬನಿಗೆ ಚೆಕ್‌ಮೇಟ್ ಕೊಡಬೇಕು. ಚೆಕ್‌ಮೇಟ್ ಆದವನು ಮಾರನೇ ದಿನ ಎದ್ದು ಭಾಷಣ ಮಾಡುತ್ತಾನೆ. ಆ ಪದದ ಹಿಂದೆ ಇರುವುದೂ ಶಹ ಮಾತ್. ರಾಜ ಸತ್ತ ಅಂತ ಅರ್ಥ ಹೇಳುವವರಿದ್ದಾರೆ. ಅಲ್ಲವಂತೆ. ಪಾರಸಿಯ ಮಾತ್ ಅಂದರೆ ಸಾವಲ್ಲ, ದಿಕ್ಕು ತೋಚದೆ ನಿಂತುಬಿಡುವುದು ಅಂತ ಬಲ್ಲವರು ಬರೆದದ್ದು ಓದಿದ್ದೇನೆ. ಜಗಲಿಯ ಮೇಲೆ ಗೆದ್ದ ಅಪ್ಪ ನಿಂತಿದ್ದರಲ್ಲ, ಹಾಗೆ.

ಮಧ್ಯಾಹ್ನವಾಯಿತು. ಮಾವ ಬರಲಿಲ್ಲ. ತಟ್ಟೆ ಹಾಕಿದೆ.

"ಬೀಗರು ಉಣ್ಣಲಾರದ ನಾ ಹೆಂಗ ಉಣ್ಲವಾ?"

"ಅವರು ತೋಟಕ್ಕ ಹೋಗಿರಬೇಕಪ್ಪಾ. ನೀ ಉಣ್ಣು."

"ತ್ವಾಟ ಆ ಕಡಿ ಐತಿ. ಅವರು ಹೋಗಿದ್ದು ಈ ಕಡಿ." ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ತಪ್ಪಾತವಾ. ಇಷ್ಟು ವರ್ಷ ಕಾಯ್ಕೊಂಡು ಬಂದದ್ದು ಒಂದ್ ಆಟಕ್ಕ ಕಳ್ಕೊಂಡೆ. ಸಂಜಿ ಬಸ್ಸಿಗೆ ಹೊಂಟ್ಬಿಡ್ತೀನಿ," ಅಂದರು.

ವಾರ ಇರುತ್ತೇನೆ ಅಂತ ಬಂದಿದ್ದವರು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒಣಗಿದ ಪಂಚೆ ಮಡಚಿ ಬ್ಯಾಗಿಗೆ ಇಟ್ಟುಕೊಂಡರು. ಅಪ್ಪನಿಗೆ ಒಂದು ಗೆಲುವು ಬೇಕು ಅಂತ ಆಸೆಪಟ್ಟವಳು ನಾನು. ಅಪ್ಪನಿಗೆ ಬೇಕಾಗಿತ್ತೇ ಅಂತ ಕೇಳಿದ್ದೆನೇ? ಮುದ್ದೆ ತಣ್ಣಗಾಯಿತು. ಹಾಸು ಜಗಲಿಯ ಮೇಲೆ ಹಾಗೇ ಇತ್ತು. ಮಡಚಲು ಮನಸ್ಸು ಬರಲಿಲ್ಲ. ಬಿಸಿಲು ಅದರ ಮೇಲಿಂದ ಒಂದೊಂದೇ ಮನೆ ಖಾಲಿ ಮಾಡಿಕೊಂಡು ಹೋಗುವುದನ್ನು ನೋಡುತ್ತ ಕೂತೆ.

ಸಂಜೆ, ದೀಪ ಹಚ್ಚುವುದಕ್ಕೆ ಮುಂಚೆ, ಗಂಗಕ್ಕ ಬಟ್ಟಲು ಹಿಡಿದು ಹೆಪ್ಪಿಗೆ ಬಂದರು (ಹಚ್ಚಿದ ಮೇಲೆ ಮೊಸರು ಕೊಡುವುದಿಲ್ಲವಲ್ಲ). ನಡುಮನೆಯ ಮಂಚದ ಮೇಲೆ ಅಪ್ಪ. ತೊಡೆಯ ಮೇಲೆ ಬ್ಯಾಗು. ಕೆಳಗೆ ಮುಟ್ಟದೆ ಬಿಟ್ಟ ಮಧ್ಯಾಹ್ನದ ತಟ್ಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಏನಮ್ಮ, ನಿಮ್ಮಾವಂಗೆ ಏನಾಗೈತೆ ಇವತ್ತು? ಬಸ್‌ಸ್ಟ್ಯಾಂಡ್ ಹೋಟ್ಲಾಗೆ ಕುಂತ್ಕಂಡು ಕಂಡಕಂಡೋರಿಗೆಲ್ಲ ಕಾಫಿ ಕುಡಿಸ್ತಾವ್ರಂತೆ. ನಮ್ಮನೆಯೋರಿಗೂ ಸಿಕ್ತಂತೆ. 'ನಮ್ಮ ಬೀಗ್ರು ಇಷ್ಟು ವರ್ಷ ನನ್ನೆದ್ರುಗೆ ಕುಂತಿದ್ರು, ಅಷ್ಟೇ. ಇವತ್ತು ಆಡಿದ್ರು. ಪ್ಯಾದೆಯಾಗೆ ಮಾತ್ ಮಾಡಿದ್ರು' ಅಂತ ಹೇಳಿದ್ದೇ ಹೇಳಿದ್ದಂತೆ, ತೆಲುಗಿನಾಗೆ!"

ನಾನು ಮೊಸರಿನ ಚಮಚ ಹಿಡಿದು ನಿಂತೆ. ನಡುಮನೆಯಲ್ಲಿ ಮಂಚ ಕಿರ್ ಅಂದಿತು.

ಗಂಗಕ್ಕ ಹೆಪ್ಪಿನ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡು, ಒಳಗೆ ಒಮ್ಮೆ ಇಣುಕಿ, ಮೆಟ್ಟಿಲಿಳಿಯುತ್ತ ಅಂದರು:

"ಸೋತೋರು ಊರೆಲ್ಲ ಮೆರೀತಾವ್ರೆ. ಗೆದ್ದೋರು ಯಾಕಮ್ಮ ಬ್ಯಾಗ್ ಹಿಡ್ಕಂಡು ಉಪವಾಸ ಕುಂತವ್ರೆ?"